ಗಿರಣಿ ನಿಂತ ಸನ್ನೆ

ನಮ್ಮಪ್ಪ ಹುಟ್ಟು ಕಿವುಡನಲ್ಲ, ಗಿರಣಿ ಕಿವುಡ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ, ಭತ್ತ ಸುಲಿಯುವ ಯಂತ್ರದ ಪಕ್ಕದಲ್ಲೇ ನಿಂತು ಪ್ರಾಯವನ್ನೆಲ್ಲ ಕಳೆದವನು. ಮೊದಲು ಗುಬ್ಬಿಗಳ ದನಿ ಹೋಯಿತಂತೆ, ಆಮೇಲೆ ಹೆಂಗಸರ ದನಿ, ಕೊನೆಗೆ ಗಂಡಸರದು. ೧೯೯೭ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದಾಗ ನಮ್ಮ ಓಣಿಯ ಹುಡುಗರು ಪಟಾಕಿ ಸರ ಹಚ್ಚಿದರು. ಅಪ್ಪ ಕಟ್ಟೆಯ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮೂಗು ಅರಳಿಸಿ, "ಹೊಗಿ ಎಲ್ಲಿಂದ ಬರಾಕತ್ತೈತಿ?" ಎಂದು ಕೇಳಿದ. ಅವತ್ತು ನನಗೆ ಖಾತ್ರಿಯಾಯಿತು.

ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರೇ. ಕಿವುಡನ ಮನೆ ಎಂದರೆ ಸದ್ದಿಲ್ಲದ ಮನೆ ಎಂದು ಜನ ತಿಳಿಯುತ್ತಾರೆ. ಅದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಮಲಗಿದವರು ಎದ್ದಾರು ಎಂಬ ಹೆದರಿಕೆ ಇಲ್ಲದ ಮನೆಯಲ್ಲಿ ಪಾತ್ರೆ ಇಟ್ಟದ್ದೇ ಇಟ್ಟದ್ದು, ಬಾಗಿಲು ಬಡಿದದ್ದೇ ಬಡಿದದ್ದು. ನಾನು ಟೈಪಿಂಗ್ ಕಲಿಯುತ್ತಿದ್ದ ದಿನಗಳು ಅವು. ಹಳೆಯ ಮಷೀನೊಂದನ್ನು ಮನೆಗೇ ತಂದು ಅಪ್ಪ ನಿದ್ದೆ ಮಾಡುವ ಮಂಚದ ಪಕ್ಕದಲ್ಲೇ ಕುಟ್ಟುತ್ತಿದ್ದೆ. ಅವನು ಗೊರಕೆ ಹೊಡೆಯುತ್ತಿದ್ದ. ನನ್ನ ಸದ್ದು ಅವನಿಗಿಲ್ಲ, ಅವನ ಸದ್ದು ಅವನಿಗೇ ಇಲ್ಲ.

ನಮ್ಮ ಮಾತು ಕೈಯ ಮೇಲೆ ನಡೆಯುತ್ತಿತ್ತು. ಇದು ನಮ್ಮ ಮನೆಯವರು ಹುಟ್ಟಿಸಿದ ಭಾಷೆಯಲ್ಲ, ಮಿಲ್ಲಿನದು. ಯಂತ್ರ ಓಡುವಾಗ ಕಿವಿ ಚೆನ್ನಾಗಿದ್ದವರಿಗೂ ಏನೂ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಆಳುಗಳೆಲ್ಲ ಸನ್ನೆಯಲ್ಲೇ ಬದುಕುತ್ತಾರೆ. ಒಂದು ಅಂಗೈ ಮೇಲೆ ಇನ್ನೊಂದನ್ನು ಸರಕ್ಕನೆ ಜಾರಿಸಿದರೆ ಯಂತ್ರದ ಪಟ್ಟಾ ಜಾರಿತು ಎಂದು. ಬೆರಳ ತುದಿಗಳನ್ನು ಅಂಗೈ ಮೇಲೆ ಉದುರಿಸಿದರೆ ತೌಡು ಬೀಳುತ್ತಿದೆ ಎಂದು. ಹೆಬ್ಬೆರಳನ್ನು ಅಂಗೈ ನಡುವೆ ಒತ್ತಿದರೆ ಸಾಹುಕಾರ ಬಂದ, ಬೀಡಿ ಆರಿಸು ಎಂದು. ಅಂಗೈಯನ್ನು ಮೇಲೆತ್ತಿ ನಿಧಾನಕ್ಕೆ ಮಗುಚಿದರೆ ಗಿರಣಿ ನಿಂತಿತು ಎಂದು. ಈ ಕೊನೆಯ ಸನ್ನೆಗೆ ಒಂದು ಕಟ್ಟುಪಾಡಿತ್ತು. ಕಂಡವರೆಲ್ಲ ಅದನ್ನು ತಿರುಗಿ ಮಾಡಬೇಕು. ಹೊಟ್ಟಿನ ರಾಶಿಯ ಹತ್ತಿರ ಇರುವ ಕಟ್ಟಕಡೆಯ ಆಳು ಕೂಡ ಅಂಗೈ ಮಗುಚಿದ ಮೇಲೆಯೇ ಯಾರಾದರೂ ಯಂತ್ರದೊಳಗೆ ಕೈ ಹಾಕುವುದು. ಇಲ್ಲವಾದರೆ ಕೈ ಹೋಗುತ್ತದೆ.

ಇನ್ನೊಂದು ಸನ್ನೆ ತೂಕದ್ದು. ತಕ್ಕಡಿಯ ಹತ್ತಿರ ನಿಂತವನು ಚೀಲ ತಂದವನ ಅಂಗೈಗೆ ಮುಷ್ಟಿಯಿಂದ ಮೆಲ್ಲಗೆ ಎರಡು ಸಲ ಗುದ್ದಿದರೆ ತೂಕ ಸರಿ. ಅದನ್ನು ಯಾರೂ ತಮ್ಮ ಅಂಗೈಗೆ ತಾವೇ ಮಾಡಿಕೊಳ್ಳುವಂತಿಲ್ಲ. "ಚೀಲ ಹೊತ್ತಾವನ ತೂಕ ಹೇಳಿದ್ರ ಯಾರ ನಂಬತಾರ?" ಎನ್ನುತ್ತಿದ್ದ ಅಪ್ಪ.

ಓಣಿಗೆ ಕೇಬಲ್ ಟಿ.ವಿ. ಬಂದಾಗ ಅಪ್ಪನಿಗೆ ಅದರ ಮೇಲೆ ಮೊದಲು ಸಿಟ್ಟಿತ್ತು. ಧಾರಾವಾಹಿಗಳಲ್ಲಿ ಜನ ಸೋಫಾದ ಮೇಲೆ ಕೂತು ಮಾತಾಡುತ್ತಲೇ ಇರುತ್ತಾರೆ. ಅಪ್ಪ ಮುಂದಕ್ಕೆ ಬಗ್ಗಿ ಅವರ ತುಟಿಯನ್ನೇ ನೋಡುತ್ತಿದ್ದ. "ಏನಂದ್ಲು? ಈಗ ಏನಂದ್ಲು?" ನಾನು ಹೇಳಿ ಮುಗಿಸುವುದರೊಳಗೆ ಅವಳು ಇನ್ನಷ್ಟು ಅಂದಿರುತ್ತಿದ್ದಳು. ತೆಲುಗಿನಿಂದ ಬಂದ ಸಿನಿಮಾಗಳಲ್ಲಂತೂ ತುಟಿಗೂ ಮಾತಿಗೂ ಸಂಬಂಧವೇ ಇಲ್ಲ. ಅವನು ಎದ್ದು ಹೊರಗೆ ಹೋಗುತ್ತಿದ್ದ. ಒಂದೇ ಕೋಣೆಯಲ್ಲಿ ಇಬ್ಬರು ಕೂತು ಒಬ್ಬರಿಗೆ ಮಾತ್ರ ನಗು ಬರುವುದು ಎಂಥ ಒಂಟಿತನ ಎಂದು ನನಗೆ ಆಗಲೇ ಗೊತ್ತಾದದ್ದು. ನಗುವವರಿಗೂ ಅದು ಒಂಟಿತನವೇ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಚಾನೆಲ್ ತಿರುಗಿಸುವಾಗ ಜಪಾನಿನ ಕಾರ್ಟೂನೊಂದು ಸಿಕ್ಕಿತು. ಹಿಂದಿಯಲ್ಲಿ ಮಾತಾಡುತ್ತಿತ್ತು. ಇಂಥವಕ್ಕೆ ಅನಿಮೆ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಮನೆಯಲ್ಲಿ ಅದರ ಹೆಸರು 'ದೊಡ್ಡ ಕಣ್ಣಿನಾವು'. ನಾನು ಮುಂದೆ ತಿರುಗಿಸಲು ಹೊರಟರೆ ಅಪ್ಪ ಕೈ ಹಿಡಿದ. ಪರದೆಯ ಮೇಲೆ ಒಬ್ಬ ಹುಡುಗಿ ಮಾತಾಡುತ್ತಿದ್ದಳು. ಅವಳ ಮುಖ ಅಲ್ಲಾಡುತ್ತಿರಲಿಲ್ಲ, ಕಣ್ಣು ಅಲ್ಲಾಡುತ್ತಿರಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು. ಕಡಿಮೆ ಚಿತ್ರದಲ್ಲಿ ಕೆಲಸ ಮುಗಿಸುವ ಉಪಾಯ ಅದು ಎಂದು ಈಗ ಗೊತ್ತು. ಅಪ್ಪ ಆ ಬಾಯಿಯನ್ನು ಬಹಳ ಹೊತ್ತು ನೋಡಿ ಜೋರಾಗಿ ನಕ್ಕ.

"ಈ ಬಾಯಿ ನೋಡಿ ಯಾವ ಮಗನಿಗೂ ಏನೂ ತಿಳಿಯಂಗಿಲ್ಲ. ಇಲ್ಲಿ ಎಲ್ಲಾರೂ ಕಿವುಡರ!"

ಅವತ್ತಿನಿಂದ ಅವನು ಎದ್ದು ಹೋಗಲಿಲ್ಲ. ಚಾಪೆಯ ಮೇಲೆ ನನ್ನ ಪಕ್ಕ ಕೂತು ಎಡಗೈಯನ್ನು ಅಂಗಾತ ನನ್ನ ಕಡೆ ಚಾಚುತ್ತಿದ್ದ. ಅವನ ಕಣ್ಣು ಪರದೆಯ ಮೇಲೆ, ನನ್ನ ಬೆರಳು ಅವನ ಅಂಗೈ ಮೇಲೆ. ಅರ್ಥವಾದಷ್ಟು ಹಿಂದಿ ಮಾತುಗಳನ್ನು ವಿರಾಮದಲ್ಲಿ ಹೇಳುತ್ತಿದ್ದೆ. ಸದ್ದುಗಳನ್ನು ಮಾತ್ರ ಆ ಕ್ಷಣಕ್ಕೇ ಮುಟ್ಟಿಸುತ್ತಿದ್ದೆ. ಮಳೆಗೆ, ಗಾಳಿಗೆ, ಎಲೆ ಉದುರುವುದಕ್ಕೆ ತೌಡು. ಬಡಿದಾಟಕ್ಕೆ ಪಟ್ಟಾ ಜಾರಿದ್ದು. ಕೆಟ್ಟವನು ಬಂದರೆ ಸಾಹುಕಾರ ಬಂದ. ಹಾಡಿಗೆ ಮಿಲ್ಲಿನಲ್ಲಿ ಸನ್ನೆಯೇ ಇರಲಿಲ್ಲ, ಅಲ್ಲಿ ಯಾರು ಹಾಡಬೇಕು? ಕಿರುಬೆರಳಿನಿಂದ ಅಂಗೈ ಮೇಲೆ ಸುತ್ತು ತಿರುಗಿಸುವುದನ್ನು ನಾವೇ ಮಾಡಿಕೊಂಡೆವು. ಕುಷ್ಟಗಿಯಿಂದ ಬಂದಿದ್ದ ನನ್ನ ಸೋದರತ್ತೆ ಬಾಗಿಲಲ್ಲಿ ನಿಂತು ಇದನ್ನು ನೋಡಿ, "ಕೋಣದ ಮುಂದ ಕಿನ್ನರಿ ಬಾರಿಸಿದ್ರೂ ಕೇಳತಿತ್ತೇನೋ. ಅಪ್ಪ ಮಗಳಿಗೆ ಹುಚ್ಚ ಹಿಡಿದೈತಿ" ಎಂದಳು. ಅಪ್ಪ ಅವಳ ತುಟಿ ನೋಡಿ, "ಏನ ಅಂತಾಳ?" ಎಂದ. ನಾನು ಹೆಬ್ಬೆರಳು ಒತ್ತಿದೆ.

ಅಪ್ಪ ಕ್ಯಾಮೆರಾವನ್ನು ಓದುತ್ತಿದ್ದ. ಆ ಶಬ್ದ ಅವನದಲ್ಲ. ಅವನು 'ನೋಡಾವ' ಎನ್ನುತ್ತಿದ್ದ, ಯಾರೋ ಒಬ್ಬ ಮನುಷ್ಯ ಅಲ್ಲಿ ನಿಂತು ನಮಗಾಗಿ ನೋಡುತ್ತಿದ್ದಾನೆ ಎನ್ನುವ ಹಾಗೆ. ಬರೆದ ಬೆಟ್ಟದ ಚಿತ್ರವೊಂದು ಅಲ್ಲಾಡದೆ ಇರುತ್ತಿತ್ತು. ನೋಟ ಮಾತ್ರ ಆಕಾಶದಿಂದ ಕೆಳಗೆ, ಮನೆಯ ಹಂಚಿನವರೆಗೆ ಜಾರುತ್ತಿತ್ತು. "ಚಿತ್ರ ನಿಂತೈತಿ, ನೋಡಾವ ನಡ್ಯಾಕತ್ಯಾನ" ಎಂದು ಅವನು ಕಂಡುಹಿಡಿದಿದ್ದ. ನೋಡಾವ ಮೇಲಿನಿಂದ ನೋಡಿದರೆ ಕೆಳಗಿರುವವರು ಒಂಟಿ. ನೆಲದ ಮಟ್ಟದಿಂದ ನೋಡಿದರೆ ಬರುವವನು ದೊಡ್ಡವನು, ಹೆದರಬೇಕಾದವನು. ಬರೀ ಪಾದ ತೋರಿಸಿದರೆ ಯಾರೋ ಹೊರಟರು. ಮುಖವನ್ನು ಅರ್ಧ ಕತ್ತರಿಸಿ ಒಂದೇ ಕಣ್ಣು ತೋರಿಸಿದರೆ ಅವನು ಹೇಳುತ್ತಿರುವುದು ಸುಳ್ಳು. ಹೀಗೆಲ್ಲ ಹೇಳಿ ನನ್ನ ಕಡೆ ತಿರುಗುತ್ತಿದ್ದ. ಅವನ ಊಹೆ ಸರಿಯಿದ್ದರೆ ನಾನು ಅಂಗೈಗೆ ಎರಡು ಗುದ್ದು ಕೊಡಬೇಕು. ತೂಕ ಸರಿ.

ಯಾವಾಗಲೂ ಸರಿಯಿರುತ್ತಿತ್ತು ಎಂದೇನಲ್ಲ. ಈ ಕಾರ್ಟೂನುಗಳಲ್ಲಿ ಸುಮ್ಮಸುಮ್ಮನೆ ಕರೆಂಟಿನ ತಂತಿ ತೋರಿಸುವ ಚಟವೊಂದಿದೆ. ತಂತಿ ಕಂಡರೆ ಸಾಕು, ಅಪ್ಪ "ರೈಲು ಬಂತು" ಎನ್ನುತ್ತಿದ್ದ. ಗಂಗಾವತಿಗೆ ಆಗ ರೈಲೇ ಇರಲಿಲ್ಲ, ಅದಕ್ಕೇ ಅವನಿಗೆ ಆ ಆಸೆ. ನಾನು ತೌಡು ಉದುರಿಸಿ, ಬರೀ ಹುಳುಗಳ ಸದ್ದು ಎಂದು ತಿಳಿಸಿದರೆ, "ಹುಳದ ಸದ್ದು ತೋರಸಾಕ ಯಾರರ ಕರೆಂಟ್ ಕಂಬ ಬರಿತಾರೇನು?" ಎಂದು ಜಗಳಕ್ಕೆ ಬರುತ್ತಿದ್ದ. ಬೇಸಿಗೆಯ ಬೇಜಾರನ್ನು ತೋರಿಸಲು ಅವರು ಹಾಗೇ ಬರೆಯುತ್ತಾರೆ, ನಾನೇನು ಮಾಡಲಿ?

ಒಂದು ವಿಷಯದಲ್ಲಿ ಮಾತ್ರ ನಾನು ಅವನಿಗಿಂತ ಮುಂದಿದ್ದೆ. ಅಡುಗೆಮನೆಯ ಚಿತ್ರ ಇನ್ನೂ ಪರದೆಯ ಮೇಲಿರುವಾಗಲೇ ನನಗೆ ಗಂಟೆಯ ಸದ್ದು ಕೇಳುತ್ತಿತ್ತು. ನಾನು ಅಂಗೈ ತಟ್ಟಿ ಗಂಟೆ ಎಂದರೆ ಅವನು ಸಿಡುಕುತ್ತಿದ್ದ. "ಅಡಗಿ ಮನ್ಯಾಗ ಎಲ್ಲಿ ಗಂಟಿ?" ಅಷ್ಟರಲ್ಲಿ ಚಿತ್ರ ಬದಲಾಗಿ ಶಾಲೆಯ ಅಂಗಳ ಬರುತ್ತಿತ್ತು. ಅವರು ಮುಂದಿನ ಜಾಗದ ಸದ್ದನ್ನು ಹಿಂದಿನ ಜಾಗದಲ್ಲೇ ಶುರು ಮಾಡಿಬಿಡುತ್ತಾರೆ. ಅಪ್ಪನಿಗೆ ಇದು ಬಹಳ ಇಷ್ಟವಾಯಿತು. "ನೋಡವ್ವ, ಕಿವಿ ಮುಂದ ನಡಿತೈತಿ, ಕಣ್ಣ ಹಿಂದ. ಅದಕ್ಕ ನನಗ ಯಾವಾಗಲೂ ತಡ ಆಗತೈತಿ" ಎಂದ. ಹೇಳಿದವನಿಗೆ ಬೇಜಾರಿರಲಿಲ್ಲ. ಬೇಜಾರಾದದ್ದು ನನಗೆ.

ನಮ್ಮಿಬ್ಬರ ದೊಡ್ಡ ಜಗಳ ಆದದ್ದು ಒಂದು ಕೆಟಲಿನ ಮೇಲೆ.

ಸಮುದ್ರದ ದಂಡೆಯ ಊರಿನಲ್ಲಿ ಅಣ್ಣ ತಂಗಿ ಇಬ್ಬರೇ ಇರುವ ಕತೆ ಅದು. ಮನೆ ಮೆಟ್ಟಿಲುಗಳ ಮೇಲೆ ಮೆಟ್ಟಿಲು ಹತ್ತಿ ಹೋಗುವಷ್ಟು ಎತ್ತರದಲ್ಲಿತ್ತು. ಒಂದು ಕಂತಿನ ಕೊನೆಯಲ್ಲಿ ಅಣ್ಣ ಹಡಗಿನ ಕೆಲಸಕ್ಕೆ ಹೋಗುತ್ತಾನೆ. ತಂಗಿ ಅವನನ್ನು ಕಳಿಸಿ ಮನೆಗೆ ಬರುತ್ತಾಳೆ. ನೋಡಾವ ಬಾಗಿಲ ಹತ್ತಿರ ನೆಲದ ಮೇಲೆ ಇದ್ದಾನೆ, ಅವಳ ಪಾದ ಮಾತ್ರ ಕಾಣುತ್ತದೆ. ಆಮೇಲೆ ಮೇಜಿನ ಮೇಲೆ ಎರಡು ಬಟ್ಟಲು. ಆಮೇಲೆ ಒಲೆಯ ಮೇಲಿನ ಕೆಟಲು. ಅಲ್ಲೇ ನಿಂತುಬಿಡುತ್ತದೆ. ಹುಡುಗಿಯ ಮುಖ ತೋರಿಸುವುದೇ ಇಲ್ಲ. ಚಿತ್ರ ಕೆಟ್ಟು ನಿಂತಿತೋ ಏನೋ ಅನ್ನಿಸುವಷ್ಟು ಹೊತ್ತು ಕೆಟಲು, ಬರೀ ಕೆಟಲು.

ಟಿ.ವಿ.ಯಲ್ಲಿ ಆಗ ಕೊಳಲು ನುಡಿಯುತ್ತಿತ್ತು. ಹುಡುಗಿಯ ದನಿ ಹಿಂದಿಯಲ್ಲಿ, ಅಣ್ಣಾ ನೀನು ಬೇಗ ಬಾ, ನಾನು ಕಾಯುತ್ತೇನೆ ಎಂದೆಲ್ಲ ಹೇಳುತ್ತಿತ್ತು. ನಾನು ಕಿರುಬೆರಳು ತಿರುಗಿಸಿ ಹಾಡು ಎಂದೆ. ಅಪ್ಪ ನನ್ನ ಬೆರಳನ್ನು ಹಿಡಿದು ಪಕ್ಕಕ್ಕಿಟ್ಟ. ತನ್ನ ಅಂಗೈಯನ್ನು ಎತ್ತಿ ನಿಧಾನಕ್ಕೆ ಮಗುಚಿದ. ಗಿರಣಿ ನಿಂತಿತು.

"ಇಲ್ಲಪ್ಪ, ಕೊಳಲು ಐತಿ. ಆಕಿ ಮಾತಾಡಾಕತ್ತಾಳ" ಎಂದು ಅವನ ಮುಖದ ಮುಂದೆ ಬಾಯಿ ದೊಡ್ಡದು ಮಾಡಿ ಹೇಳಿದೆ.

"ಬಾಯಿ ಕಾಣವಲ್ದು, ಹೆಂಗ ಮಾತಾಡತಾಳ?"

"ಮನಸ್ಸಿನ್ಯಾಗ."

"ಆಕಿ ಮನಸ್ಸಿನ್ಯಾಗಿಂದು ನಿನಗ ಹೆಂಗ ಕೇಳತು?"

ಕಿವಿ ಇರುವವಳು ನಾನು. ಹಟ ಮಾಡಿದೆ. ಅವನೂ ಬಿಡಲಿಲ್ಲ. "ಇಷ್ಟೊತ್ತು ನೋಡಾವ ಅಲ್ಲಾಡದ ನಿಂತಾನಂದ್ರ ಅಲ್ಲಿ ಸದ್ದ ಇರಾಕ ಸಾಧ್ಯನ ಇಲ್ಲ. ಗಿರಣಿ ನಿಂತಾಗ ನಾವು ಹಂಗ ನಿಲ್ತಿದ್ವಿ. ಕೈಯಾಗಿನ ಚೀಲ ಸೈತ ಇಳಸ್ತಿರಲಿಲ್ಲ" ಎಂದ. ಅಂಗೈ ಚಾಚಿ ಎರಡು ಗುದ್ದಿಗಾಗಿ ಕಾದ. ನಾನು ಗುದ್ದಲಿಲ್ಲ. ಕೊಳಲು ಇತ್ತಲ್ಲ! ನನ್ನ ಎರಡೂ ಕಿವಿಯಿಂದ ಕೇಳಿದ್ದೆನಲ್ಲ!

ಆ ಜಗಳ ಮನೆಯ ತಮಾಷೆಯಾಗಿ ಉಳಿಯಿತು. ಚಹಾ ಮಾಡುವಾಗ ಅಪ್ಪ ಒಲೆಯ ಮುಂದೆ ಬಂದು ಅಂಗೈ ಮಗುಚಿ ನನ್ನ ಮುಖ ನೋಡುತ್ತಿದ್ದ. ನಾನು ಕಿರುಬೆರಳು ತಿರುಗಿಸುತ್ತಿದ್ದೆ.

ನನಗೆ ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಪ್ಪನನ್ನೂ ಕರೆದುಕೊಂಡು ಹೋದೆ. ಗಂಗಾವತಿಯಲ್ಲಿ ಮಿಲ್ಲುಗಳ ನಡುಕ ನೆಲದಿಂದ ಕಾಲಿಗೆ ಬರುತ್ತಿತ್ತು, ಅವನಿಗೆ ಅದೇ ಊರಿನ ದನಿ. ಯಲಬುರ್ಗಾದ ಕಪ್ಪು ನೆಲ ಏನೂ ಹೇಳುವುದಿಲ್ಲ. ಮೊದಲ ವಾರ ಅವನು ಬರಿಗಾಲಲ್ಲಿ ಅಂಗಳದಲ್ಲಿ ನಿಂತು, "ಈ ಊರ ಸತ್ತೈತೇನವ್ವ?" ಎಂದು ಕೇಳಿದ. ನಾನು ಕಚೇರಿಗೆ ಹೋದರೆ ಅವನಿಗೆ ದಿನವೆಲ್ಲ ಮಾತಿಲ್ಲ. ಸಂಜೆ ನಾನು ಬಂದು ಬ್ಯಾಗು ಇಡುವುದರೊಳಗೆ ಚಾಪೆ ಹಾಸಿ, ಅಂಗೈ ಚಾಚಿ ಕೂತಿರುತ್ತಿದ್ದ. ನನ್ನ ಮದುವೆಯ ಮಾತುಗಳು ಬಂದವು, ಹೋದವು. ಕುಷ್ಟಗಿಯ ಅತ್ತೆ ಅಪ್ಪನನ್ನು ಬೈದಳು. ನನಗೆ ಆ ಅಂಗೈ ಬಿಟ್ಟು ಹೋಗುವ ಮನಸ್ಸಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಹೇಳಿದರೆ ನಕ್ಕಾಳು.

ಕೊಪ್ಪಳದಲ್ಲಿ ಕಿವಿಯ ಶಿಬಿರ ನಡೆಯುತ್ತದೆ, ಮಷೀನು ಕೊಡುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಿವಿಯ ಹಿಂದೆ ಸಿಕ್ಕಿಸುವ ಮಷೀನು ಕೊಟ್ಟರು. ಅಪ್ಪ ಮೊದಲ ಸಲ ಅದನ್ನು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದವನು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಮತ್ತ ಮಿಲ್ಲಿನ್ಯಾಗ ಬಂದಂಗ ಆತಲ್ಲವ್ವ" ಎಂದು ಕೂಗಿದ. ಮಾತುಗಳು ಅವನಿಗೆ ಬಿಡಿಸಿ ಕೇಳುತ್ತಿರಲಿಲ್ಲ, ಎಲ್ಲ ಸೇರಿ ಒಂದೇ ಗದ್ದಲ. ಜೋರಾದ, ಒಂಟಿಯಾದ ಸದ್ದು ಮಾತ್ರ ಗೊತ್ತಾಗುತ್ತಿತ್ತು.

ಕಾರ್ಟೂನಿನ ಚಾನೆಲ್ಲುಗಳಿಗೆ ಹಾಕಿದ್ದನ್ನೇ ಹಾಕುವ ರೋಗ. ಆ ತಿಂಗಳಲ್ಲೇ ಒಂದು ಸಂಜೆ ಅಣ್ಣ ತಂಗಿಯ ಆ ಕತೆ ಮತ್ತೆ ಬಂತು. ಅಪ್ಪ ಹುಮ್ಮಸ್ಸಿನಿಂದ ಮಷೀನು ಹಾಕಿಕೊಂಡು ಟಿ.ವಿ.ಯ ಹತ್ತಿರಕ್ಕೆ ಸರಿದ. "ಇವತ್ತ ತೀರ್ಮಾನ ಆಗೇಬಿಡಲಿ" ಎಂದು ನನ್ನ ಕಡೆ ಕಣ್ಣು ಹೊಡೆದ. ಪಾದ ಬಂತು, ಬಟ್ಟಲು ಬಂತು, ಕೆಟಲು ಬಂತು. ಅಪ್ಪ ಅಂಗೈ ಎತ್ತಿದ. ಅದನ್ನು ಮಗುಚುವ ಮೊದಲೇ ಅವನ ಮುಖ ಬದಲಾಯಿತು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಕೊಳಲು ಅವನಿಗೂ ಕೇಳಿತ್ತು.

ಅವನು ಮಷೀನು ತೆಗೆದು ಡಬ್ಬಿಯಲ್ಲಿಟ್ಟ. "ನೀ ಅಂದದ್ದ ಖರೆ ಬಿಡವ್ವ. ಪೀಪಿ ಊದಾಕತ್ಯಾರ. ಬರೇ ಕಣ್ಣಿಗೆ ಏನ ತಿಳಿತೈತಿ?" ಎಂದ. ಗೆದ್ದವಳು ನಾನು. ಯಾಕಾದರೂ ಗೆದ್ದೆನೋ ಅನ್ನಿಸಿತು. ಆಮೇಲೂ ಅವನು ನನ್ನ ಪಕ್ಕ ಕೂತು ನೋಡುತ್ತಿದ್ದ. ಆದರೆ ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಹೊರಟಿದ್ದಾರೆ ಎಂದು ಹೇಳುವುದನ್ನು ನಿಲ್ಲಿಸಿಬಿಟ್ಟ. ಕರೆಂಟ್ ತಂತಿ ಕಂಡರೂ ರೈಲು ಬರಲಿಲ್ಲ. ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಊರಿಗೆ ಹೊಸದಾಗಿ ಬಂದ ನೆಂಟನ ಹಾಗೆ ಕೂತಿರುತ್ತಿದ್ದ. ನಾನು ಅವನ ಕೈಯನ್ನು ಎಳೆದುಕೊಂಡು ಮಳೆ ಉದುರಿಸಿದರೆ ತಲೆಯಾಡಿಸುತ್ತಿದ್ದ, ಅಷ್ಟೇ.

ಮುಂದಿನ ಮಳೆಗಾಲಕ್ಕೆ ಅವನಿಗೆ ಎದೆಯಲ್ಲಿ ಕಫ ಕಟ್ಟಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ್ದಾಗ ಹೊರಗೆ ಜೋರು ಮಳೆ. ಅಂಗೈ ಮೇಲೆ ಬೆರಳು ಉದುರಿಸಿದೆ. "ಮಳಿ ಏನು? ಬರಲಿ" ಎಂದ. ಕೊನೆಗೆ ಅಪ್ಪ ಅಂಗೈ ಎತ್ತಿ ಮಗುಚಿ ಕಣ್ಣು ಮುಚ್ಚಿದ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ನಾನು ಚಹಾ ತರಲು ಕೆಳಗೆ ಹೋಗಿದ್ದೆ, ಬರುವುದರೊಳಗೆ ಹೋಗಿದ್ದ. ಗಂಗಾವತಿಯಲ್ಲಿ, ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಅದಾದ ಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಚೇರಿ, ಮನೆ, ಕಚೇರಿ. ಪಾತ್ರೆಗಳನ್ನು ಮೊದಲಿನ ಹಾಗೇ ದಡಬಡ ಇಡುತ್ತೇನೆ. ಪಕ್ಕದ ಮನೆಯವರು, "ಸಿಟ್ಟ ಬಂದೈತೇನ್ರಿ ಮೇಡಂ?" ಎಂದು ಕೇಳಿದ್ದಾರೆ. ಸಿಟ್ಟಲ್ಲ, ರೂಢಿ. ಟಿ.ವಿ. ಹಾಳಾಯಿತು, ರಿಪೇರಿ ಮಾಡಿಸಲಿಲ್ಲ. ಕೆಲವೊಮ್ಮೆ ಕೋಣೆಯ ಬಾಗಿಲಲ್ಲಿ ನಿಂತು, ನೋಡಾವ ಎಲ್ಲಿ ಕೂತು ಇದನ್ನು ನೋಡುತ್ತಿದ್ದಾನು ಎಂದು ಯೋಚಿಸುತ್ತೇನೆ. ಮೇಲಿನಿಂದಲೇ ಇರಬೇಕು.

ಊರಲ್ಲಿ ಎಲ್ಲರ ಕೈಗೂ ದೊಡ್ಡ ಫೋನು ಬಂದಾಗ ನನಗೂ ಬಂತು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತಾಗ, ಆ ಮೆಟ್ಟಿಲುಗಳ ಊರನ್ನು ಹುಡುಕಬೇಕು ಅನ್ನಿಸಿತು. ಕತೆಯ ಹೆಸರು ನೆನಪಿರಲಿಲ್ಲ. ಗೊತ್ತಿದ್ದ ಇಂಗ್ಲಿಷಿನಲ್ಲಿ ಸಮುದ್ರ, ಅಣ್ಣ, ತಂಗಿ, ಮೆಟ್ಟಿಲು ಎಂದು ಒತ್ತುತ್ತಾ ಹೋದೆ. ಎಷ್ಟೋ ಭಾನುವಾರ ಬೇರೆ ಬೇರೆ ಊರು ಬಂದವು. ಒಂದು ದಿನ ನಮ್ಮ ಮೆಟ್ಟಿಲುಗಳ ಊರೇ ಬಂತು. ಆದರೆ ಮಾತು ಹಿಂದಿಯಲ್ಲಲ್ಲ, ಜಪಾನಿ ಭಾಷೆಯಲ್ಲೇ. ಇಯರ್‌ಫೋನ್ ಹಾಕಿಕೊಂಡು ಮೊದಲಿನಿಂದ ನೋಡಿದೆ.

ಅದು ಬೇರೆಯೇ ಮನೆ ಅನ್ನಿಸಿತು. ಹಿಂದಿಯಲ್ಲಿ ಇವರೆಲ್ಲ ಎಷ್ಟು ಮಾತಾಡುತ್ತಿದ್ದರು! ಇಲ್ಲಿ ಬಾಗಿಲು ಸರಿಯುವ ಸದ್ದು ಇದೆ, ಚಪ್ಪಲಿ ಬಿಡುವ ಸದ್ದು ಇದೆ, ದೂರದಲ್ಲಿ ಹಡಗು ಕೂಗುತ್ತದೆ. ತಂತಿ ತೋರಿಸಿದಾಗ ಹುಳುಗಳ ಹಿಂದೆ, ಬಹಳ ದೂರದಲ್ಲಿ, ಒಂದು ರೈಲು ಇದೆಯೋ ಎಂದು ಕಿವಿಗೊಟ್ಟೆ. ಇರಲಿಲ್ಲ. ಅದರಲ್ಲಿ ಅಪ್ಪ ಸೋತಿದ್ದೇ ಸರಿ.

ಕೊನೆಯ ಭಾಗ ಬಂತು. ಪಾದ, ಬಟ್ಟಲು, ಕೆಟಲು. ಅಲ್ಲಿಯವರೆಗೆ ಹಿಂದೆ ಕೇಳುತ್ತಿದ್ದ ಸಮುದ್ರ ಕೂಡ ನಿಂತುಹೋಯಿತು. ನಾನು ಇಯರ್‌ಫೋನಿನ ವೈರು ಸಡಿಲವಾಯಿತೆಂದು ತಿರುವಿದೆ. ಫೋನಿಗೆ ಎರಡು ಏಟು ಕೊಟ್ಟೆ. ಕೆಟಲು ಹಾಗೇ ಇತ್ತು. ಕೊಳಲಿಲ್ಲ. ಮಾತಿಲ್ಲ. ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಕೆಟಲಿನ ಮುಚ್ಚಳ ಒಂದು ಸಲ ಟಿಣ್ ಎಂದು ಅಲ್ಲಾಡಿತು. ಆಮೇಲೆ ಸಮುದ್ರ ಬಂತು.

ಆ ಕೊಳಲನ್ನೂ ಆ ಅಳುಬುರುಕ ಮಾತನ್ನೂ ಹಿಂದಿಗೆ ತಂದವರು ಸೇರಿಸಿದ್ದರು. ಬಾಯಿ ಕಾಣದ ಕಡೆ ಮಾತು ತುರುಕುವುದು ಸುಲಭವಲ್ಲವೇ! ಟಿ.ವಿ.ಯ ಮುಂದೆ ಕೂತವರಿಗೆ ಒಂದು ಗಳಿಗೆ ಮೌನ ಸಿಕ್ಕರೆ ಎದ್ದು ಹೋಗುತ್ತಾರೆ ಎಂದು ಹೆದರಿರಬೇಕು. ಅವರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ, ಬೈಗುಳವೆಲ್ಲ ಗಂಗಾವತಿಯವು. ಕತೆ ಮಾಡಿದವರು ಆ ಜಾಗದಲ್ಲಿ ಸದ್ದು ಇಟ್ಟಿರಲಿಲ್ಲ. ಕಿವಿ ಇಲ್ಲದ ಮನುಷ್ಯನೊಬ್ಬ ಬರೀ ನೋಟ ನಿಂತದ್ದನ್ನು ನೋಡಿ ಅದನ್ನು ಹೇಳಿದ್ದ. ನನ್ನ ಕಿವಿಗೆ ಸುಳ್ಳು ಬಿದ್ದಿತ್ತು. ಅದೇ ಸುಳ್ಳು ಅವನ ಕಿವಿಗೂ ಬಿದ್ದು, ಅವನು ತನ್ನ ಕಣ್ಣನ್ನೇ ನಂಬದೆ ಹೋದ.

"ಅಪ್ಪ, ನಿಂತೈತಿ" ಎಂದು ಗಟ್ಟಿಯಾಗಿ ಹೇಳಿದೆ. ಕೋಣೆಯಲ್ಲಿ ಯಾರಿದ್ದಾರೆ? ಇದ್ದಾಗಲೂ ಅವನಿಗೆ ಕೇಳುತ್ತಿರಲಿಲ್ಲ. ಎರಡು ಗುದ್ದು ಕೊಡಬೇಕಿತ್ತು, ಅದಕ್ಕೆ ಅಂಗೈ ಬೇಕಿತ್ತು. ನನ್ನ ಅಂಗೈಗೆ ನಾನೇ ಗುದ್ದಿಕೊಳ್ಳಲು ಮುಷ್ಟಿ ಕಟ್ಟಿ, ಬಿಟ್ಟೆ. ಚೀಲ ಹೊತ್ತವನೇ ತೂಕ ಹೇಳುವಂತಿಲ್ಲ. ಅಪ್ಪ ಸತ್ತ ದಿನ ನಾನು ಅಷ್ಟು ಅತ್ತಿರಲಿಲ್ಲ. ಆ ಭಾನುವಾರ ಅತ್ತುಬಿಟ್ಟೆ. ಕುಷ್ಟಗಿಯ ಅತ್ತೆಗೆ ಫೋನು ಮಾಡಿ ಹೇಳೋಣವೆಂದು ನಂಬರ್ ಒತ್ತಿ, ಅವಳು ಎತ್ತಿದ ಮೇಲೆ, "ಊಟ ಆತೇನು?" ಎಂದಷ್ಟೇ ಕೇಳಿ ಇಟ್ಟೆ. ಎಲ್ಲಿಂದ ಶುರು ಮಾಡುವುದು? ಕೆಟಲಿನಿಂದಲೇ?

ವರ್ಷಕ್ಕೊಮ್ಮೆ ಅಪ್ಪನ ಸಮಾಧಿಗೆ ಎಡೆ ಇಡಲು ಗಂಗಾವತಿಗೆ ಹೋಗುತ್ತೇನೆ. ಆ ವರ್ಷವೂ ಬೆಳಿಗ್ಗೆ ಹೋಳಿಗೆ ಮಾಡಿ ಡಬ್ಬಿ ಕಟ್ಟಿಕೊಂಡು ಹೊರಟೆ. ತಳಕಲ್ ದಾಟಿ ಕೊಪ್ಪಳಕ್ಕೆ ಬಂದು ಬಸ್ಸು ಬದಲಿಸಿದೆ. ಅಲ್ಲಿ ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತಳು. ಮಡಿಲಲ್ಲಿ ಕಾಯಿ, ಹೂವು, ಹಸಿರು ಕುಪ್ಪಸದ ಕಣ. ಹೇಮಗುಡ್ಡದ ದುರ್ಗಮ್ಮನಿಗೆ ಹೊರಟವಳು. ಕಂಡಕ್ಟರ್ "ಎಲ್ಲಿಗೆ?" ಎಂದು ಕೂಗಿದರೂ ಅವಳು ಕಿಟಕಿ ನೋಡುತ್ತಾ ಕೂತಿದ್ದಳು. ಭುಜ ಮುಟ್ಟಿದ ಮೇಲೆ ತಿರುಗಿ ಹೇಳಿದಳು.

ನಾನು ಫೋನು ತೆಗೆದು ಇಯರ್‌ಫೋನ್ ಸಿಕ್ಕಿಸಿ ಆ ಕಂತನ್ನೇ ಹಚ್ಚಿದೆ. ಸಮಾಧಿಯ ಮುಂದೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಕಲ್ಲಿಗೆ ಅಂಗೈ ಎಲ್ಲಿಂದ ಬರಬೇಕು? ಪಾದ ಬಂತು. ಬಟ್ಟಲು ಬಂತು. ಕೆಟಲು ಬಂದು ಸಮುದ್ರ ನಿಂತಾಗ ನನ್ನ ಬಲಗೈ ನನ್ನನ್ನು ಕೇಳದೆ ಎದ್ದು, ನಿಧಾನಕ್ಕೆ ಮಗುಚಿತು.

ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತು. ಅದೂ ಮಗುಚಿತು.

ಅಜ್ಜಿ ನನ್ನ ಮುಖ ಕೂಡ ನೋಡಿರಲಿಲ್ಲ. ಕಂಡ ಸನ್ನೆಯನ್ನು ತಿರುಗಿ ಮಾಡಿದ್ದಳು, ಅಷ್ಟೇ, ಮುಂದಿನವರಿಗೆ ಗೊತ್ತಾಗಲಿ ಎಂದು. ಮಾಡಿದ ಮೇಲೆ ಅವಳಿಗೇ ಬೆರಗಾಗಿ ನನ್ನ ಕಡೆ ತಿರುಗಿದಳು.

"ಯಾವ ಮಿಲ್ಲಿನ್ಯಾಗ ಇದ್ದೆವ್ವ ನೀನು?"

"ನಾನಲ್ಲ, ನಮ್ಮಪ್ಪ!" ಎಂದು ಕೂಗಿದೆ.

ಅವಳು ಕಿವಿ ತೋರಿಸಿ ಕೈಯಾಡಿಸಿದಳು. "ಕೇಳಸಂಗಿಲ್ಲವ್ವ ನನಗ. ಚೀಲಾ ತುಂಬಿ ತುಂಬಿ ಕಿವಿ ಹೋಗ್ಯಾವು." ಆಮೇಲೆ ನನ್ನ ಫೋನಿಗೆ ಬಗ್ಗಿದಳು. ಕೆಟಲು ಇನ್ನೂ ಹಾಗೇ ಇತ್ತು. ಮುಖ ಹತ್ತಿರ ತಂದು ನೋಡಿದಳು. "ಯಾರೋ ಹೋಗ್ಯಾರ ಮನಿ ಬಿಟ್ಟು" ಎಂದಳು.

ಬಾಯಲ್ಲಿ ಹೇಳಿದರೆ ಅವಳಿಗೆ ಮುಟ್ಟುತ್ತಿರಲಿಲ್ಲ. ಅವಳ ಎಡಗೈ ತೆಗೆದುಕೊಂಡೆ. ಅಪ್ಪನ ಅಂಗೈಯ ಹಾಗೇ ಅಂಚೆಲ್ಲ ಗಟ್ಟಿಯಾಗಿತ್ತು. ಮುಷ್ಟಿ ಕಟ್ಟಿ ಮೆಲ್ಲಗೆ ಎರಡು ಸಲ ಗುದ್ದಿದೆ. ತೂಕ ಸರಿ.

ಯಾವ ಚೀಲ, ಯಾರ ತೂಕ ಎಂದು ಅವಳು ಕೇಳಲಿಲ್ಲ. ನನ್ನ ಕಣ್ಣು ನೋಡಿದಳು. ನನ್ನ ಅಂಗೈ ಬಿಡಿಸಿ, ತಾನೂ ಎರಡು ಸಲ ಗುದ್ದಿದಳು. ಅಷ್ಟರಲ್ಲಿ ಹೇಮಗುಡ್ಡಕ್ಕೆ ಹೋಗುವವರು ಇಳಿಯುವ ಜಾಗ ಬಂತು. ಕಾಯಿ, ಹೂವು ಸಾವರಿಸಿಕೊಂಡು, ಸೀಟುಗಳನ್ನು ಹಿಡಿಯುತ್ತಾ ಇಳಿದು ಹೋದಳು. ನಾನು ಆ ಅಂಗೈಯನ್ನು ಮಡಚದೆ ಎಡೆಯ ಡಬ್ಬಿಯ ಮೇಲೆ ಇಟ್ಟುಕೊಂಡು ಗಂಗಾವತಿಯವರೆಗೆ ಕೂತಿದ್ದೆ.